ಬೇಡ ಅನ್ನದ ಹುಡುಗ

"ಎಲ್ಲಿ ಹೋಗಿ ಹೂತ್ಕೊಂಡಿದ್ದಾಳೋ ಮಹಾತಾಯಿ! ಈ ಡಬ್ಬ ನೋಡಿದ್ರೆ ಇಲ್ಲೇ ಇಲ್ಲೇ ಅಂತ ಬಡ್ಕೊಳ್ತಿದೆ... ಕಣ್ಣಿಗೆ ಒಂದು ಟೋಪೀನೂ ಕಾಣ್ತಿಲ್ವಲ್ಲಪ್ಪಾ!"

ಹಿಮದ ಗೂಡಿನೊಳಗೆ ಮೊಣಕಾಲು ಮಡಚಿ ಮಲಗಿದ್ದ ರಾಬಿಯಾ ಬೆಚ್ಚಿಬಿದ್ದಳು.

ಕನ್ನಡ!

ಸ್ವೀಡನ್ನಿನ ಬೆಟ್ಟದ ಮೇಲೆ, ಮೂಗು ಮರಗಟ್ಟುವ ಚಳಿಯಲ್ಲಿ, ಹಿಮದಡಿ ಮಲಗಿರುವಾಗ ನೆತ್ತಿಯ ಮೇಲಿಂದ ಅಚ್ಚ ಮೈಸೂರು ಕನ್ನಡ ಕೇಳಿಬಂದರೆ ನಿಮಗೆ ಹೇಗಾಗಬೇಡ? ರಾಬಿಯಾಗೆ ಬಂದದ್ದು ನಗು. ಅದೂ ಎಂಥ ನಗು! ತುಟಿ ಕಚ್ಚಿದಳು, ಕೈಗವಸನ್ನು ಬಾಯಿಗೆ ಒತ್ತಿಕೊಂಡಳು... ಊಹೂಂ, ತಡೆಯಲಾಗಲಿಲ್ಲ.

ಮೇಲೆ ಹೆಜ್ಜೆಯ ಸದ್ದು ಗಕ್ಕನೆ ನಿಂತಿತು.

"ಯಾ ಅಲ್ಲಾ... ಹಿಮ ನಗ್ತಿದೆ!"

ಮರುಕ್ಷಣ ಉದ್ದನೆಯ ಲೋಹದ ಕಡ್ಡಿಯೊಂದು ಗೂಡಿನ ಮೇಲ್ಛಾವಣಿ ತೂರಿ ಬಂದು ಅವಳ ತೊಡೆಗೆ ತಿವಿಯಿತು.

"ಅಯ್ಯೋ! ನಿಧಾನ ಕಣ್ರೀ! ಜೀವಂತ ಇದ್ದೀನಿ!"

ಗಾಬರಿಯಾಗಬೇಡಿ. ಅವಳಿಗೇನೂ ಅಪಾಯ ಇರಲಿಲ್ಲ. ಅದು ಎರಡು ಸಾವಿರದ ಆರರ ಡಿಸೆಂಬರ್. ಗೋಥೆನ್‌ಬರ್ಗಿನ ಸ್ಕಿ ಕ್ಲಬ್ಬಿನವರು ಬೆಟ್ಟಕ್ಕೆ ತರಬೇತಿಗೆ ಬಂದಿದ್ದರು. ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕುವುದು ಹೇಗೆ ಎಂಬ ಪಾಠ. ಎಲ್ಲರ ಎದೆಗೂ ಬೀಪರ್ ಎಂಬ ಪುಟ್ಟ ಡಬ್ಬ ಕಟ್ಟಿದ್ದರು. ಹೂತವರ ಡಬ್ಬ ಸಿಗ್ನಲ್ ಕಳಿಸುತ್ತದೆ, ಹುಡುಕುವವರ ಡಬ್ಬ ಅದನ್ನು ಹಿಡಿಯುತ್ತದೆ. "ಹೂತುಹೋಗೋಕೆ ಯಾರು ರೆಡಿ?" ಎಂದು ಟೀಚರ್ ಗುನಿಲ್ಲಾ ಕೇಳಿದಾಗ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ನಮ್ಮ ರಾಬಿಯಾ! ಹುಡುಕುವ ಗುಂಪಿನವರು ಆಗಿನ್ನೂ ಬಂದಿರಲಿಲ್ಲ.

ಸಲಿಕೆ ಪರಪರ ಕೆರೆದ ಸದ್ದಾಯಿತು. ಬೆಳಕು ನುಗ್ಗಿತು. ಬೆಳಕಿನ ಹಿಂದೆಯೇ ಒಂದು ಮುಖ. ಹುಬ್ಬಿನ ಮೇಲೆಲ್ಲ ಹಿಮದ ಹರಳು, ಕಣ್ಣುಗಳಲ್ಲಿ ಹೇಳತೀರದ ಗಾಬರಿ.

"ನೀವು... ನೀವು ಕನ್ನಡದವರಾ?" ಅವನು ತೊದಲಿದ.

"ಮಹಾತಾಯಿ ಅಂದ್ರಲ್ಲ, ನಾನೇ ಆ ಮಹಾತಾಯಿ!"

ಅವನ ಕೈಯಿಂದ ಸಲಿಕೆ ಜಾರಿ ಅವನದೇ ಕಾಲ ಮೇಲೆ ಬಿತ್ತು. ನೋವಾದರೂ ಅವನು ನಕ್ಕ. ಆ ನಗುವಿನಲ್ಲಿ ಏನಿತ್ತೋ, ರಾಬಿಯಾಗೆ ಅಲ್ಲಿಂದ ಎದ್ದು ಬರಬೇಕು ಎಂಬುದೇ ಮರೆತುಹೋಯಿತು.

ಅವನ ಹೆಸರು ತಾರಿಕ್. ಮೈಸೂರಿನವನು. ಕಾರ್ಲ್‌ಸ್ಕ್ರೂನಾದಲ್ಲಿ ಓದು ಮುಗಿಸಿ ಗೋಥೆನ್‌ಬರ್ಗಿನ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದ. ಅವಳು ಪುತ್ತೂರಿನ ಬ್ಯಾರಿ ಮನೆತನದ ಹುಡುಗಿ, ಅವಳಿಗೂ ಗೋಥೆನ್‌ಬರ್ಗಿನಲ್ಲೇ ಸಾಫ್ಟ್‌ವೇರ್ ಕೆಲಸ. ಅವನ ಮನೆಮಾತು ಉರ್ದು, ಅವಳದು ಬ್ಯಾರಿ. ಇಬ್ಬರ ನಡುವೆ ಉಳಿದದ್ದು ಕನ್ನಡ. ದಿನಾ ಒಂದೇ ಟ್ರಾಮ್ ಹತ್ತುತ್ತಿದ್ದರಂತೆ, ಒಮ್ಮೆಯೂ ಮುಖ ನೋಡಿಕೊಂಡಿರಲಿಲ್ಲವಂತೆ!

ಆವತ್ತು ಮಧ್ಯಾಹ್ನ ಫೀಕಾಕ್ಕೆ, ಅಂದರೆ ಕಾಫಿ ವಿರಾಮಕ್ಕೆ, ಎಲ್ಲರೂ ಕಾಫಿ ಲೋಟ ಹಿಡಿದು ಕುಳಿತಾಗ ಗುನಿಲ್ಲಾ ಒಂದು ಮಾತು ಹೇಳಿದಳು.

"ಬೀಪರ್, ಸಲಿಕೆ ಎಲ್ಲ ಕೊನೇ ಗಳಿಗೆಯ ಉಪಾಯ. ಜೀವ ಉಳಿಸೋದು ಬಾಯಿ. ಎಷ್ಟೋ ಸಲ ಗುಂಪಿನಲ್ಲಿ ಯಾರಾದರೊಬ್ಬರಿಗೆ ಅಪಾಯ ಕಂಡಿರುತ್ತೆ. ಬೇರೆಯವರು ಏನಂದುಕೊಳ್ತಾರೋ ಅಂತ ಸುಮ್ಮನಿರ್ತಾರೆ. ನಮ್ಮ ಕ್ಲಬ್ಬಲ್ಲಿ ಹಾಗಿಲ್ಲ. ಒಬ್ಬರು ಬೇಡ ಅಂದರೂ ಎಲ್ಲರೂ ವಾಪಸ್. ಕಾರಣ ಕೇಳೋ ಹಾಗಿಲ್ಲ."

ತಾರಿಕ್ ರಾಬಿಯಾಳ ಕಿವಿಯ ಹತ್ತಿರ ಬಗ್ಗಿ, "ನಮ್ಮನೇಲಿ ದೊಡ್ಡವರ ಮುಂದೆ ಬೇಡ ಅಂದಿದ್ರೆ ನಮ್ಮಜ್ಜಿ ಕೈಗೆ ಚಪ್ಪಲಿ ಬರ್ತಿತ್ತು" ಎಂದ.

ರಾಬಿಯಾ ಕಾಫಿ ಚೆಲ್ಲಿಕೊಂಡು ನಕ್ಕಳು.

ಆಮೇಲೆ ನಡೆದದ್ದನ್ನು ಬಿಡಿಸಿ ಹೇಳಬೇಕೇ? ಒಂದೇ ಟ್ರಾಮು, ಒಂದೇ ಕ್ಲಬ್ಬು, ವಾರ ಕಳೆದರೆ ಬೆಟ್ಟ! 'ನೀವು' ಹೋಗಿ 'ನೀನು' ಬಂತು. ಅವನು ಸ್ಕಿ ಮೇಲೆ ಇಳಿಯುವುದನ್ನು ನೋಡುವುದೇ ಒಂದು ಹಬ್ಬ. ಹಿಮವನ್ನು ಮುಟ್ಟಿ, ಅಗೆದು, ಪದರ ಪದರ ನೋಡಿ, ಇದು ಗಟ್ಟಿ, ಇದು ಮೋಸ ಎಂದು ಹೇಳಬಲ್ಲ. ಕ್ಲಬ್ಬಿನಲ್ಲಿ ಗುನಿಲ್ಲಾ ಬಿಟ್ಟರೆ ಅವನೇ.

ಒಂದೇ ಒಂದು ದೋಷ. ಯಾರು ಏನು ಕೇಳಿದರೂ ಅವನ ಬಾಯಲ್ಲಿ 'ಆಗಲ್ಲ' ಎಂಬ ಮಾತೇ ಬರುವುದಿಲ್ಲ! ಆಫೀಸಿನ ಶಿವಪ್ರಸಾದ ಮನೆ ಬದಲಾಯಿಸಿದರೆ ಸೋಫಾ ಹೊರುವವನು ಇವನು. ಯಾರಿಗೋ ಏರ್‌ಪೋರ್ಟಿಗೆ ಹೋಗಬೇಕೆಂದರೆ ಡ್ರೈವರ್ ಇವನು. ಜ್ವರದಲ್ಲಿ ಮೈ ಸುಡುತ್ತಿದ್ದರೂ "ಬರ್ತೀನಿ ಬಿಡಿ" ಎನ್ನುತ್ತಾನೆ.

"ನಿಂಗೆ ಬೇಡ ಅನ್ನೋಕೆ ಬರಲ್ವೇನೋ?" ಎಂದು ರಾಬಿಯಾ ರೇಗಿಸುತ್ತಿದ್ದಳು.

"ಹೇಗನ್ನೋದು ಹೇಳು? ಎದುರಿಗಿರೋರ ಮುಖ ಬಾಡುತ್ತಲ್ಲ, ಅದನ್ನ ನೋಡೋಕೆ ಆಗಲ್ಲ ನಂಗೆ."

ಆಗ ಅವಳಿಗೆ ಅದು ಮುದ್ದು ಎನಿಸಿತ್ತು. 'ಎಷ್ಟು ಒಳ್ಳೆಯ ಮನಸ್ಸು ಇವನದು!' ಎಂದುಕೊಂಡು ಕರಗಿಹೋಗಿದ್ದಳು.

ಮಾರ್ಚ್‌ನಲ್ಲಿ ಒಂದು ಸಂಜೆ ಟ್ರಾಮಿನಲ್ಲಿ ತಾರಿಕ್ ಕೇಳಿಯೇಬಿಟ್ಟ. "ರಾಬಿಯಾ... ನಿಮ್ಮನೇಲಿ ಮಾತಾಡ್ಲಾ?"

ಅವಳ ಎದೆ ಡವಡವ! "ಅಣ್ಣನ ಹತ್ರ ಮಾತಾಡು" ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿಕೊಂಡಳು. ಕಿಟಕಿಯ ಗಾಜಿನಲ್ಲಿ ಅವಳ ನಗು ಅವನಿಗೆ ಕಾಣುತ್ತಲೇ ಇತ್ತು.

ಅವಳ ಅಣ್ಣ ಮೊಯ್ದೀನ್ ರಾಜಧಾನಿಯ ಪಕ್ಕದ ಸೊಲ್ಲೆಂಟುನಾದಲ್ಲಿ ಹೆಂಡತಿ ನಾಹಿದ್ ಜೊತೆಗಿದ್ದ. ಅಪ್ಪ ತೀರಿಕೊಂಡ ಮೇಲೆ ರಾಬಿಯಾಳನ್ನು ಓದಿಸಿ, ಬೆಳೆಸಿ, ಇಲ್ಲಿಗೆ ಕರೆಸಿಕೊಂಡವನು ಅವನೇ. ಅವನ ಮಾತೆಂದರೆ ಮನೆಯಲ್ಲಿ ಕೊನೆಯ ಮಾತು. ಮೂರು ಚಳಿಗಾಲದ ಹಿಂದೆ ಸ್ಕಿ ಕಲಿತಿದ್ದ ಆಸಾಮಿ, ಈಗ ಅದರ ಹುಚ್ಚು ತಲೆಗೇರಿತ್ತು.

"ಹುಡುಗನನ್ನ ನೋಡದೆ ಹೇಗೆ ಮಾರಾಯ್ತಿ?" ಎಂದ ಅವನು ಫೋನಿನಲ್ಲಿ. "ಟೀ ಕುಡ್ದು, ಬಿಸ್ಕತ್ತು ತಿಂದು, ತಲೆ ತಗ್ಗಿಸಿ ಕೂತ್ರೆ ಯಾರು ಏನು ಅಂತ ಗೊತ್ತಾಗಲ್ಲ. ಈಸ್ಟರ್ ರಜೆಗೆ ಮೂವರೂ ಬೆಟ್ಟಕ್ಕೆ ಹೋಗೋಣ. ನಾಲ್ಕು ದಿನ ಜೊತೆಗಿದ್ರೆ ಮನುಷ್ಯ ಗೊತ್ತಾಗ್ತಾನೆ."

ಕೇಳಿದಿರಾ? ಹುಡುಗನನ್ನು ನೋಡುವ ಶಾಸ್ತ್ರ, ಸ್ಕಿ ಮೇಲೆ!

ಪಾಪ ತಾರಿಕ್! ಬೆಟ್ಟದ ಕ್ಯಾಬಿನ್ನಿಗೆ ಬಂದಾಗಿನಿಂದ ಅವನ ಅವಸ್ಥೆ ನೋಡಬೇಕಿತ್ತು. ಮೊಯ್ದೀನ್ ಬ್ಯಾಗ್ ಇವನ ಹೆಗಲಿಗೆ. ಮೊಯ್ದೀನ್ ಎದ್ದರೆ ಇವನೂ ಎದ್ದ. ಮೊಯ್ದೀನ್ ಜೋಕ್ ಹೇಳಿದರೆ ಎಲ್ಲರಿಗಿಂತ ಮೊದಲು ನಕ್ಕವನು ಇವನೇ. ಬೆಳಗ್ಗೆ ಏಳುವಷ್ಟರಲ್ಲಿ ಏಲಕ್ಕಿ ಹಾಕಿದ ಟೀ ರೆಡಿ!

"ನಂಗೆ ಒಂದು ದಿನಾನೂ ಏಲಕ್ಕಿ ಟೀ ಮಾಡಿಕೊಟ್ಟಿಲ್ಲ ನೀನು" ಎಂದು ರಾಬಿಯಾ ಪಿಸುಗುಟ್ಟಿದಳು.

"ನೀನು ಆಗ್ಲೇ ಪಾಸ್ ಮಾಡಿದ್ದೀಯಲ್ಲ ನನ್ನ. ಎಕ್ಸಾಮ್ ಇರೋದು ಅಣ್ಣನ ಹತ್ರ!"

ಎರಡು ದಿನ ಹೊರಗೆ ಕಾಲಿಡಲಾಗದಂತೆ ಪಶ್ಚಿಮದಿಂದ ಗಾಳಿ, ಜೊತೆಗೆ ಹಿಮ. ಎರಡನೆಯ ಸಂಜೆ ಮೊಯ್ದೀನ್ ತಂಗಿಯನ್ನು ಪಕ್ಕಕ್ಕೆ ಕರೆದು ಬೆನ್ನು ತಟ್ಟಿದ. "ಹುಡುಗ ಒಳ್ಳೆಯವನು ಕಣೇ. ದೊಡ್ಡವರು ಅಂದ್ರೆ ಮರ್ಯಾದೆ ಇದೆ. ನಾಳೆ ಬೆಟ್ಟ ಇಳಿದು ಬಂದು ಅಮ್ಮನಿಗೆ ಫೋನ್ ಮಾಡ್ತೀನಿ." ರಾಬಿಯಾಗೆ ಕುಣಿಯುವುದೊಂದೇ ಬಾಕಿ!

ಮರುದಿನ ಬೆಳಗ್ಗೆ ನೋಡಿದರೆ ಗಾಳಿ ನಿಂತಿದೆ, ಆಕಾಶ ತೊಳೆದಿಟ್ಟ ಹಾಗಿದೆ, ಬೆಟ್ಟವೆಲ್ಲ ಫಳಫಳ! ಮೂವರೂ ಎದೆಗೆ ಬೀಪರ್ ಕಟ್ಟಿ, ಬೆನ್ನಿಗೆ ಸಲಿಕೆ ಸಿಕ್ಕಿಸಿ, ಸ್ಕಿ ತಳಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು ಏರಿದರು. ನೆತ್ತಿ ತಲುಪಿದಾಗ ಪೂರ್ವದ ಕಡೆ ಕಂಡ ಇಳಿಜಾರು ನೋಡಿ ಮೊಯ್ದೀನ್ ಮಗುವಿನಂತೆ ಕೂಗಿದ.

"ವಾಹ್! ಒಂದು ಕಲೆ ಇಲ್ಲ ನೋಡು! ಇದನ್ನ ಇಳಿಯೋಕೇ ಹುಟ್ಟಿದ್ದು ಮಾರಾಯ ನಾನು!"

ಚೆಂದವಿತ್ತು, ನಿಜ. ಆದರೆ ಅಷ್ಟು ಹಿಮ ಅಲ್ಲಿಗೆ ಬಂದದ್ದು ಎಲ್ಲಿಂದ? ಎರಡು ದಿನದ ಗಾಳಿ ಪಶ್ಚಿಮದ ಕಡೆಯ ಹಿಮವನ್ನೆಲ್ಲ ಗುಡಿಸಿ ತಂದು ಇತ್ತ ಸುರಿದಿತ್ತು. ಅಂಥ ಹಿಮ ಮೇಲೆ ಹಲಗೆಯಂತೆ ಗಟ್ಟಿಯಾಗಿರುತ್ತದೆ, ಕೆಳಗೆ ಹಿಡಿತವೇ ಇರುವುದಿಲ್ಲ. ಕಡಿದಾದ ಜಾಗದಲ್ಲಿ ಒಬ್ಬರ ಭಾರ ಬಿದ್ದರೂ ಸಾಕು, ಇಡೀ ಹಲಗೆ ಕಿತ್ತುಕೊಂಡು ಹೊರಡುತ್ತದೆ.

ಮೊಯ್ದೀನ್ ದೂರದಲ್ಲಿ ನಿಂತು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದ. ತಾರಿಕ್ ಅಂಚಿನ ಹತ್ತಿರ ಒಂದು ಹೆಜ್ಜೆ ಇಟ್ಟ.

ಧುಮ್!

ಹಿಮದೊಳಗಿಂದ ಟೊಳ್ಳು ಸದ್ದು. ಅವನ ಸ್ಕಿ ತುದಿಯಿಂದ ಸಣ್ಣ ಬಿರುಕೊಂದು ಸರ್ರನೆ ಓಡಿತು. ತಾರಿಕ್ ಹೆಜ್ಜೆ ಹಿಂದಕ್ಕೆ ತೆಗೆದ. ಮುಖದ ಬಣ್ಣವೇ ಇಳಿದುಹೋಯಿತು.

ಆ ಮುಖವನ್ನು ರಾಬಿಯಾ ನೋಡಿದಳು. ಅವಳು ನೋಡುತ್ತಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

'ಸದ್ಯ! ಅವನಿಗೆ ಗೊತ್ತಾಯ್ತು. ಈಗ ಬೇಡ ಅಂತಾನೆ' ಎಂದು ಅವಳು ಉಸಿರು ಬಿಟ್ಟಳು.

ಮೊಯ್ದೀನ್ ಲೋಟ ಹಿಡಿದುಕೊಂಡು ಬಂದ. "ತಾರಿಕ್, ಹಿಮದ ವಿಷಯ ನಿಂಗೆ ನಮ್ಮಿಬ್ರಿಗಿಂತ ಜಾಸ್ತಿ ಗೊತ್ತು. ಹೇಳು ಮಾರಾಯ, ಇಳೀಬಹುದಾ?"

ನೆಟ್ಟಗೆ ಕೇಳಿದ ಪ್ರಶ್ನೆ. 'ಬೇಡ ಅಣ್ಣ' ಎಂದಿದ್ದರೆ ಮುಗಿಯುತ್ತಿತ್ತು! ಮೊಯ್ದೀನ್ ಬಹುಶಃ ಒಂದೆರಡು ಗೊಣಗಾಟ ಗೊಣಗಿ ಬಂದ ದಾರಿ ಹಿಡಿಯುತ್ತಿದ್ದ.

ಆದರೆ ತಾರಿಕ್ ಕಂಡದ್ದು ಇಳಿಜಾರನ್ನಲ್ಲ, ಮೊಯ್ದೀನ್ ಮುಖವನ್ನು. ಆಸೆಯಿಂದ ಅರಳಿದ್ದ ಮುಖ. 'ಈಗ ಬೇಡ ಅಂದ್ರೆ ಪುಕ್ಕಲ ಅನ್ಕೊಳ್ತಾರಾ? ಸಂಜೆ ಫೋನ್ ಮಾಡೋರು ಮಾಡದೇ ಇದ್ರೆ?'

"ನೀವು ದೊಡ್ಡವರು ಅಣ್ಣ" ಎಂದ ತಾರಿಕ್, ವಿನಯದಿಂದ. "ನೀವು ಹೇಗೆ ಹೇಳ್ತೀರೋ ಹಾಗೆ."

ಊರಿನ ಹಜಾರದಲ್ಲಿ ಇದೇ ಮಾತು ಹೇಳಿದ್ದರೆ ನೂರಕ್ಕೆ ನೂರು ಅಂಕ! ಇಲ್ಲೂ ಸಿಕ್ಕಿತು ಅನ್ನಿ. ಮೊಯ್ದೀನ್ ಖುಷಿಯಿಂದ ಅವನ ಭುಜ ತಟ್ಟಿದ.

ರಾಬಿಯಾಗೆ ಕಿವಿ ನಂಬಲಾಗಲಿಲ್ಲ. "ಬೇಡ ಅಣ್ಣ!" ಎಂದು ಕೂಗಿದಳು. "ಬಿರುಕು ಬಿಟ್ಟಿದೆ, ನಾನು ನೋಡಿದೆ. ವಾಪಸ್ ಹೋಗೋಣ!"

"ಎಂಥ ಬಿರುಕು? ಅವನೇ ಓಕೆ ಅಂತಿದ್ದಾನೆ. ನಿಂದೇನೇ ಮಧ್ಯದಲ್ಲಿ?"

"ತಾರಿಕ್!" ಅವಳು ಅವನತ್ತ ತಿರುಗಿದಳು. "ನೀನಾದ್ರೂ ಹೇಳು!"

ತಾರಿಕ್ ತನ್ನ ಬೂಟು ನೋಡುತ್ತ ನಿಂತ.

ಅವಳು ಅಣ್ಣನ ತೋಳು ಹಿಡಿದುಕೊಂಡಳು. ಅವನು ನಕ್ಕು ಬಿಡಿಸಿಕೊಂಡ. "ಹೆದರ್ಕೋಬೇಡ್ವೇ, ನಾನು ಮೊದಲು ಹೋಗ್ತೀನಿ, ಆಮೇಲೆ ನೀವು ಬನ್ನಿ" ಎಂದವನೇ ಜಾರಿಬಿಟ್ಟ.

ಒಂದು ತಿರುವು. ಎರಡು ತಿರುವು. "ಹೋಯ್!" ಎಂಬ ಕೇಕೆ ಮೇಲಿನ ತನಕ ಕೇಳಿಸಿತು...

ಅಷ್ಟೇ. ಇಳಿಜಾರು ಅಡ್ಡಕ್ಕೆ ಸೀಳಿತು. ಅಷ್ಟಗಲದ ಹಿಮ ಒಟ್ಟಿಗೇ ಹೊರಟಿತು, ಅಣ್ಣನ ಕೆಂಪು ಜಾಕೆಟ್ ಒಮ್ಮೆ ಮೇಲೆ ಬಂತು, ಒಮ್ಮೆ ಮುಳುಗಿತು, ಮತ್ತೆ ಕಾಣಲೇ ಇಲ್ಲ.

"ಅಣ್ಣಾ!!"

"ಕಣ್ಣು ತೆಗೀಬೇಡ!" ತಾರಿಕ್ ಕಿರುಚಿದ. "ಎಲ್ಲಿ ಕೊನೇಗೆ ಕಾಣಿಸಿದ್ರೋ ಅಲ್ಲೇ ನೋಡ್ತಾ ಇಳಿ! ಬೀಪರ್ ಸರ್ಚ್‌ಗೆ ಹಾಕ್ಕೋ! ಫೋನ್ ಸಿಗ್ನಲ್ ಇಲ್ಲಿ ಮಾತ್ರ ಇದೆ, ಒಂದು ಮಾತು ಹೇಳಿ ಬಂದೆ!"

ಈಗ ಬಂತು ನೋಡಿ ದನಿ! ರಾಬಿಯಾ ಹಿಮ ಕಿತ್ತುಹೋಗಿ ಬೋಳಾದ ಜಾಗದ ಮೇಲೆ ಇಳಿದಳು. ಮೇಲಿನಿಂದ ತಾರಿಕ್ ಫೋನಿನಲ್ಲಿ ಹೆಲಿಕಾಪ್ಟರ್, ಹೆಲಿಕಾಪ್ಟರ್ ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು. ಕಣ್ಣು ಆ ಒಂದು ಜಾಗದ ಮೇಲೆ. ಎದೆಯಲ್ಲಿ 'ಯಾ ಅಲ್ಲಾ, ಯಾ ಅಲ್ಲಾ' ಎಂಬುದೊಂದೇ.

ಬೀಪರ್‌ನಲ್ಲಿ ಎಷ್ಟು ಮೀಟರ್ ದೂರ ಎಂಬ ಅಂಕಿ ಮೂಡಿತು. ಮೂವತ್ತೆಂಟು... ಇಪ್ಪತ್ತು... ಏರಿತು! ತಪ್ಪು ದಿಕ್ಕು! ತಿರುಗಿದಳು. ಹನ್ನೆರಡು... ಐದು... ಮಂಡಿಯೂರಿ ಡಬ್ಬವನ್ನು ಹಿಮಕ್ಕೆ ತಾಗಿಸಿಕೊಂಡು ಸರಿದಳು. ಎರಡು... ಒಂದೂವರೆ...

"ಇಲ್ಲಿ! ತಾರಿಕ್, ಇಲ್ಲಿ!"

ಅಷ್ಟರಲ್ಲಿ ಅವನು ಬಂದಾಗಿತ್ತು. ಕಡ್ಡಿ ಚುಚ್ಚಿದ. ಇಲ್ಲ. ಪಕ್ಕಕ್ಕೆ ಚುಚ್ಚಿದ. ಇಲ್ಲ. ಮತ್ತೆ... ಮೆತ್ತಗೆ ತಡೆಯಿತು!

ಅಗೆದರು. ಸಲಿಕೆ ಮೇಲೆ ಸಲಿಕೆ! ಕುಸಿದ ಹಿಮ ಕಲ್ಲಿನಂತೆ ಬಿಗಿದುಕೊಂಡಿತ್ತು. ಕೈಗೆ ಬೊಬ್ಬೆ ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಕೆಂಪು ಬಟ್ಟೆ ಕಂಡಿತು, ಭುಜ ಕಂಡಿತು, ಆಮೇಲೆ ಮುಖ... ನೀಲಿಗಟ್ಟಿದ ಮುಖ. ರಾಬಿಯಾ ಬೆರಳು ಹಾಕಿ ಬಾಯಿಯೊಳಗಿನ ಹಿಮ ತೆಗೆದಳು.

"ಅಣ್ಣ... ಅಣ್ಣ... ಉಸಿರಾಡಣ್ಣ..."

ಕೆಮ್ಮು! ಒಂದು ದೊಡ್ಡ ಕೆಮ್ಮು! ಇಷ್ಟು ಸುಂದರವಾದ ಸದ್ದನ್ನು ರಾಬಿಯಾ ಜೀವಮಾನದಲ್ಲಿ ಕೇಳಿರಲಿಲ್ಲ.

ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಿಕ್ಕಿಬಿಕ್ಕಿ ಅತ್ತಳು. ತಾರಿಕ್ ತನ್ನ ಜಾಕೆಟ್ ಬಿಚ್ಚಿ ಮೊಯ್ದೀನ್‌ಗೆ ಹೊದಿಸಿದ. ಅವಳ ಭುಜ ಮುಟ್ಟಲು ಕೈ ಚಾಚಿದ.

ಅವಳು ಸರಿದು ಕುಳಿತಳು.

ಹೆಲಿಕಾಪ್ಟರ್ ಕರೆದೊಯ್ದ ಓಸ್ತರ್‌ಸುಂದ್ ಆಸ್ಪತ್ರೆಯಲ್ಲಿ ಮೊಯ್ದೀನ್ ಕಾಲಿಗೆ ಆಪರೇಷನ್ ಆಯಿತು. ಎರಡು ಕಡೆ ಮುರಿದಿತ್ತು, ಬೇರೇನೂ ತೊಂದರೆ ಇರಲಿಲ್ಲ. ಹೊರಗೆ ಕಾರಿಡಾರಿನಲ್ಲಿ ತಾರಿಕ್ ಅವಳ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ಸಾರಿ ರಾಬಿಯಾ... ಕಾಲು ಸರಿ ಹೋಗುತ್ತಂತೆ. ಇನ್ನೂ ಬೇಗ ಅಗೀಬೇಕಿತ್ತು ನಾನು."

'ಅಗೆಯೋದಾ? ಅದಕ್ಕಾ ಸಾರಿ?' ಅವಳೊಳಗೆ ಬೆಂಕಿ ಎದ್ದಿತು. 'ಹೇಳು ತಾರಿಕ್. ಗೊತ್ತಿತ್ತು ಅಂತ ಹೇಳು. ನನ್ನಣ್ಣನ ಜೀವಕ್ಕಿಂತ ಅವನ ಮೆಚ್ಚುಗೆ ನಿಂಗೆ ದೊಡ್ಡದಾಯ್ತು ಅಂತ ಒಪ್ಕೋ!'

ಅವನು ಹೇಳಲಿಲ್ಲ. ಅವಳು ಎದ್ದು ಹೋದಳು.

ಇಲ್ಲಿದೆ ನೋಡಿ ತಿರುವು. ತಾರಿಕ್ ಅಂದುಕೊಂಡದ್ದು, 'ಬಿರುಕನ್ನು ಅವಳೂ ನೋಡಿದ್ದಾಳೆ. ಆದ್ರೆ ಅಪಾಯ ಅಂತ ನಂಗೂ ಗೊತ್ತಾಗಿತ್ತು ಅನ್ನೋದು ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಬಿಟ್ಟೇಹೋಗ್ತಾಳೆ.' ಎಲ್ಲ ಗೊತ್ತಿದ್ದ ಅವಳು, ಅವನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಳು! ಅವನು ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: "ಅಣ್ಣನ ಕಾಲು ಹೇಗಿದೆ?" ಅವಳು "ಚೆನ್ನಾಗಿದೆ" ಎಂದು ಇಟ್ಟುಬಿಡುತ್ತಿದ್ದಳು. ಆಮೇಲೆ ಎತ್ತುವುದನ್ನೂ ಬಿಟ್ಟಳು. ಟ್ರಾಮ್ ಬಿಟ್ಟು ಬಸ್ಸು ಹಿಡಿದಳು.

ಇತ್ತ ಮೊಯ್ದೀನ್‌ಗೆ ತಾರಿಕ್ ಎಂದರೆ ಪ್ರಾಣ!

"ನನ್ನ ಜೀವ ಉಳಿಸಿದ ಹುಡುಗ!" ಎಂದು ಸೋಫಾದ ಮೇಲೆ ಪ್ಲಾಸ್ಟರ್ ಕಾಲು ಚಾಚಿಕೊಂಡು ಬಂದವರಿಗೆಲ್ಲ ಕತೆ ಹೇಳುತ್ತಿದ್ದ. ಹಿಮದ ಬಿರುಕಿನ ಮಾತು ಎತ್ತಿದರೆ, "ಅದು ನಂದೇ ಗ್ರಹಚಾರ. ಪಾಪ, ಅವನಿಗೇನು ಗೊತ್ತಿತ್ತು?" ಎನ್ನುತ್ತಿದ್ದ.

ಅತ್ತಿಗೆ ನಾಹಿದ್ ಮಾತ್ರ ಒಮ್ಮೆ ಅಡುಗೆಮನೆಯಲ್ಲಿ ಅವಳ ಗಲ್ಲ ಹಿಡಿದು ಕೇಳಿದಳು. "ಏನಾಯ್ತೇ ರಾಬಿ? ಅಷ್ಟು ಇಷ್ಟಪಟ್ಟ ಹುಡುಗ. ಈಗ ಅವನ ಹೆಸರೆತ್ತಿದ್ರೆ ಎದ್ದು ಹೋಗ್ತೀಯ."

"ಏನಿಲ್ಲ ಅತ್ತಿಗೆ."

ಹೇಳಲಾಗದು. ಹೇಳಿದರೆ ಅಣ್ಣ ಅವನ ಮುಖ ನೋಡುವುದಿಲ್ಲ. ಹೇಳದಿದ್ದರೆ ಅಣ್ಣ ಅವನಿಗೇ ಕೊಟ್ಟು ಮದುವೆ ಮಾಡುತ್ತಾನೆ. ರಾತ್ರಿಯೆಲ್ಲ ಅವಳು ಯೋಚಿಸಿದ್ದು ಒಂದೇ. 'ನಾಳೆ ನಂದೊಂದು ಕಷ್ಟ ಬಂದಾಗ, ಎದುರಿಗೆ ಯಾರೋ ದೊಡ್ಡವರು ನಿಂತಿದ್ರೆ, ಇವನು ಮತ್ತೆ ಬೂಟು ನೋಡ್ತಾ ನಿಲ್ತಾನಾ? ಅಂಥವನ ಜೊತೆ ಹೇಗೆ ಬದುಕ್ಲಿ? ಅವನಿಲ್ದೆ ಹೇಗೆ ಬದುಕ್ಲಿ?'

ಮೇ ತಿಂಗಳ ಒಂದು ಭಾನುವಾರ ಅಣ್ಣ ಅವಳನ್ನು ಸೊಲ್ಲೆಂಟುನಾಗೆ ಕರೆಸಿದ. ಬಾಗಿಲು ತೆಗೆದು ಒಳಗೆ ಬಂದರೆ... ತಾರಿಕ್ ಕುಳಿತಿದ್ದಾನೆ!

ಇಳಿದುಹೋಗಿದ್ದ. ಕಣ್ಣ ಕೆಳಗೆ ಕಪ್ಪು. ಅವಳನ್ನು ಕಂಡು ಎದ್ದು ನಿಂತ. ಅವಳ ಎದೆ ಚುರ್ರೆಂದಿತು. 'ಊಟ ಮಾಡ್ತಿದ್ದಾನೋ ಇಲ್ವೋ...'

"ಕೂತ್ಕೊಳ್ಳಿ ಇಬ್ರೂ" ಎಂದ ಮೊಯ್ದೀನ್, ಉತ್ಸಾಹದಿಂದ. "ನಾನು ಎಲ್ಲ ಮಾತಾಡಿ ಆಯ್ತು. ಅಮ್ಮ ಒಪ್ಪಿದ್ರು. ಮೈಸೂರಿಗೂ ಫೋನ್ ಮಾಡಿದ್ದೆ, ತಾರಿಕ್ ಅಪ್ಪ ಅಮ್ಮಂಗೂ ಸಂತೋಷ. ಆಗಸ್ಟ್‌ನಲ್ಲಿ ಮಂಗಳೂರಲ್ಲಿ ನಿಕಾಹ್. ಏನಂತೀಯ ತಾರಿಕ್?"

ರಾಬಿಯಾಗೆ ನೆಲ ಜಾರಿದಂತಾಯಿತು. ಅಣ್ಣನ ಮುಖದಲ್ಲಿ ಅಷ್ಟು ಆನಂದ! ಅದನ್ನು ಒಡೆಯಲು ಅವಳಿಗೂ ಈ ಗಳಿಗೆಯಲ್ಲಿ ನಾಲಿಗೆ ಏಳಲಿಲ್ಲ. ಇನ್ನು ಅವನಿಗೆಲ್ಲಿ ಏಳುತ್ತದೆ? ಈಗ ತಲೆ ಬಗ್ಗಿಸಿ, ನೀವು ಹೇಗೆ ಹೇಳ್ತೀರೋ ಹಾಗೆ ಎನ್ನುತ್ತಾನೆ. ಮುಗಿಯಿತು.

"ಬೇಡ ಅಣ್ಣ."

ಯಾರು ಹೇಳಿದ್ದು? ರಾಬಿಯಾ ಗಕ್ಕನೆ ತಲೆಯೆತ್ತಿದಳು.

ತಾರಿಕ್ ನಿಂತಿದ್ದ. ಈ ಸಲ ಬೂಟು ನೋಡುತ್ತಿರಲಿಲ್ಲ.

"ಏನಂದೆ?" ಮೊಯ್ದೀನ್ ಹುಬ್ಬೇರಿಸಿದ.

"ಬೇಡ ಅಂದೆ. ರಾಬಿಯಾ ಹೂಂ ಅಂದಿಲ್ಲ. ಅವಳ ಮುಖ ನೋಡಿ ಅಣ್ಣ. ನೀವು ಹೇಳಿದ್ರಿ ಅಂತ ಅವಳು ಸುಮ್ಮನೆ ಕೂತಿದ್ದಾಳೆ. ಅವಳನ್ನ ಹೀಗೆ ಮದುವೆ ಆಗೋಕೆ ನನ್ನಿಂದ ಆಗಲ್ಲ."

"ಅವಳು ಶಾಕಲ್ಲಿದ್ದಾಳೆ ಮಾರಾಯ, ಸರಿ ಹೋಗ್ತಾಳೆ. ನನ್ನ ಜೀವ ಉಳಿಸಿದವನು ನೀನು, ನಿನ್ನ ಬಿಟ್ಟು..."

"ಉಳಿಸಿದ್ದು ಅವಳು. ತೆಗೆಯೋಕೆ ಹೊರಟಿದ್ದು ನಾನು!" ತಾರಿಕ್ ಕಣ್ಣಲ್ಲಿ ನೀರು ತುಂಬಿತು. "ಆವತ್ತು ನೀವು ಇಳೀಬಹುದಾ ಅಂತ ಕೇಳಿದ್ರಲ್ಲ... ನಂಗೆ ಗೊತ್ತಿತ್ತು ಅಣ್ಣ. ಸದ್ದು ಕೇಳಿಸಿತ್ತು, ಬಿರುಕು ಕಂಡಿತ್ತು. ಇಳೀಬಾರ್ದು ಅಂತ ಸ್ಪಷ್ಟವಾಗಿ ಗೊತ್ತಿತ್ತು. ನಿಮಗೆ ಬೇಜಾರಾಗುತ್ತೆ, ನನ್ನ ಒಪ್ಪಲ್ಲ ಅಂತ ಬಾಯಿ ಮುಚ್ಕೊಂಡೆ. ರಾಬಿಯಾ ಕೂಗಿ ಹೇಳಿದ್ರೂ ಬಾಯಿ ಬಿಡ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಾಹಿದ್ ಸೌಟು ಹಿಡಿದು ನಿಂತುಬಿಟ್ಟಿದ್ದಳು.

ಮೊಯ್ದೀನ್ ಮುಖ ಕಪ್ಪಿಟ್ಟಿತು. "ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಾನು ಸತ್ತಿದ್ರೆ?" ಅವನು ಊರುಗೋಲಿಗೆ ಕೈ ಹಾಕಿದ. "ನನ್ನ ಹೆಂಡತಿಗೆ ಏನು ಹೇಳ್ತಿದ್ದೆ ನೀನು? ಹೊರಡು! ನನ್ನ ಕಣ್ಣೆದುರಿಂದ ಹೊರಡು ಮೊದಲು!"

ತಾರಿಕ್ ತಲೆಯಾಡಿಸಿದ. ರಾಬಿಯಾಳತ್ತ ಒಂದು ಸಲ ನೋಡಿದ, ಕೊನೆಯ ಸಲ ನೋಡುವಂತೆ. "ನಿಂಗೆ ಅವತ್ತೇ ಹೇಳ್ಬೇಕಿತ್ತು ರಾಬಿಯಾ. ಕಳ್ಕೊಳ್ತೀನಿ ಅನ್ನೋ ಭಯ ಇತ್ತು. ಕ್ಷಮಿಸು" ಎಂದ. ಬಾಗಿಲು ಮುಚ್ಚಿಕೊಂಡಿತು.

ರಾಬಿಯಾ ಅಲುಗಾಡದೆ ಕುಳಿತಿದ್ದಳು. ಒಳಗೆ ಮಾತ್ರ ಏನೋ ಕಟ್ಟೆಯೊಡೆದು ಬರುತ್ತಿತ್ತು. 'ಹೇಳಿದ! ಅಣ್ಣನ ಎದುರಿಗೇ ಹೇಳಿದ! ನನ್ನನ್ನೇ ಕಳ್ಕೊಳ್ತೀನಿ ಅಂತ ಗೊತ್ತಿದ್ದೂ ಹೇಳಿದ!'

"ಅಣ್ಣ" ಎಂದು ಎದ್ದಳು. "ನಂಗೆ ಅವನು ಬೇಕು."

"ಹುಚ್ಚು ಹಿಡೀತಾ ನಿಂಗೆ? ಈಗ ಕೇಳಿಸ್ಕೊಂಡ್ಯಲ್ಲ!"

"ಕೇಳಿಸ್ಕೊಂಡೆ. ಅದಕ್ಕೇ ಬೇಕು! ಅವನು ಸುಳ್ಳು ಮುಚ್ಚಿಟ್ಕೊಂಡು ನನ್ನ ಮದುವೆ ಆಗಬಹುದಿತ್ತು ಅಣ್ಣ. ನೀನೇ ತಟ್ಟೆಯಲ್ಲಿಟ್ಟು ಕೊಡ್ತಿದ್ದೆ. ಬೇಡ ಅಂದ!"

ಉತ್ತರಕ್ಕೂ ಕಾಯದೆ ಓಡಿದಳು. ಹಿಂದಿನಿಂದ ನಾಹಿದ್ ದನಿ, "ಅಯ್ಯೋ ಚಪ್ಪಲಿ ಹಾಕ್ಕೊಳ್ಳೇ!" ಯಾರು ಕೇಳುತ್ತಾರೆ! ಮೆಟ್ಟಿಲು, ಅಂಗಳ, ಸೈಕಲ್ ದಾರಿ, ರೈಲ್ವೆ ಸೇತುವೆ... ಕಾಲುಚೀಲದಲ್ಲೇ ಓಡಿದಳು. ಬಿಸಿಲಿಗೆ ಬೆಂಚಿನ ಮೇಲೆ ಕುಳಿತಿದ್ದ ಅಜ್ಜಿಯರಿಬ್ಬರು ಬೆರಗಾಗಿ ನೋಡಿದರು.

ಪೆಂಡೆಲ್ ಎಂಬ ಲೋಕಲ್ ರೈಲು ಆಗಲೇ ಬಂದು ನಿಂತಿತ್ತು. ತಾರಿಕ್ ಹತ್ತಲು ಕಾಲೆತ್ತಿದ್ದ.

"ತಾರಿಕ್! ಹತ್ತಬೇಡ!"

ಅವನು ತಿರುಗಿದ. ರೈಲಿನ ಬಾಗಿಲು ಮುಚ್ಚಿ, ರೈಲು ಹೊರಟೂ ಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ಉಳಿದವರು ಇಬ್ಬರೇ.

"ರಾಬಿಯಾ... ಕಾಲಲ್ಲಿ ಏನೂ ಇಲ್ವಲ್ಲೇ..."

"ನಂಗೆ ಮೊದಲೇ ಗೊತ್ತಿತ್ತು" ಎಂದಳು ಏದುಸಿರು ಬಿಡುತ್ತ. "ಹಿಮ ಧುಮ್ ಅಂದಾಗ ನಾನು ನಿನ್ನ ಮುಖಾನೇ ನೋಡ್ತಿದ್ದೆ."

ಅವನು ಕಲ್ಲಾದ. "ಮತ್ತೆ... ಯಾರಿಗೂ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಅದು ದೂರು ಆಗ್ತಿತ್ತು. ನೀನು ಹೇಳ್ಬೇಕಿತ್ತು. ಎಷ್ಟು ಕಾದೆ ಗೊತ್ತಾ? ಬರೀ ಕಾಲು ಹೇಗಿದೆ, ಕಾಲು ಹೇಗಿದೆ! ನನ್ನ ಮನಸ್ಸು ಹೇಗಿದೆ ಅಂತ ಒಂದು ದಿನ ಕೇಳಿದ್ಯಾ?" ಅವಳು ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. ಗುದ್ದುತ್ತಲೇ ಅಳತೊಡಗಿದಳು. ಅಳುತ್ತಲೇ ಆ ಎದೆಗೇ ಒರಗಿದಳು.

"ಹೇಗಿದೆ?" ಎಂದ ಅವನು, ಅವಳ ಕೂದಲಿಗೆ ಕೆನ್ನೆ ತಾಗಿಸಿ.

"ಇನ್ನೂ ಕೋಪ ಇದೆ. ಬೇಗ ಹೋಗಲ್ಲ ಅದು. ಆದ್ರೆ ಹೂಂ ಅನ್ನೋಕೆ ಓಡಿಬಂದೆ. ನಾನೇ ಹೇಳ್ತಿದ್ದೀನಿ, ಯಾರೂ ಹೇಳಿಸ್ತಿಲ್ಲ. ನಿನ್ನ ಮದುವೆ ಆಗ್ತೀನಿ."

ತಾರಿಕ್ ಅವಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮೊಯ್ದೀನಣ್ಣ! ಎತ್ತಿದರೆ ಆ ಕಡೆಯ ದನಿ ಪ್ಲಾಟ್‌ಫಾರ್ಮಿಗೆಲ್ಲ ಕೇಳಿಸುವಂತಿತ್ತು.

"ಅವಳು ಸಿಕ್ಕಿದ್ಲಾ? ಬರಿಗಾಲಲ್ಲಿ ಓಡಿದ್ದಾಳೆ ಕತ್ತೆ! ಕೇಳು ಇಲ್ಲಿ. ನಿಂಗೆ ಬೈಯೋದು ನಂಗಿನ್ನೂ ಮುಗಿದಿಲ್ಲ. ಅರ್ಧಕ್ಕೇ ಎದ್ದು ಹೋದ್ರೆ ಹೇಗೆ? ನಾಹಿದ್ ಬಿರಿಯಾನಿ ಮಾಡಿದ್ದಾಳೆ. ಬಂದು ಉಣ್ಣು, ಉಂಡ ಮೇಲೆ ಕೂತು ಬೈತೀನಿ."

ಫೋನ್ ಕಟ್ಟಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಕೆನ್ನೆಯ ಮೇಲೆ ಇನ್ನೂ ನೀರಿತ್ತು.

"ಹೋಗೋದಾ?" ಅವಳು ಕೇಳಿದಳು. "ನಿಂಗೇನನ್ಸುತ್ತೆ?"

"ಭಯ ಆಗ್ತಿದೆ ಕಣೇ."

"ನಂಗೂ" ಎಂದು ರಾಬಿಯಾ ಅವನ ಕೈ ಹಿಡಿದುಕೊಂಡಳು. "ಬಾ, ಹೋಗೋಣ."